ಎಲ್ ಇಂಡಿಯೊ: ಮೆಕ್ಸಿಕೊಕ್ಕೆ ಮುಖ ಕೊಟ್ಟ ನಿರ್ದೇಶಕ

ಮೆಕ್ಸಿಕನ್ ಚಿತ್ರರಂಗದ ಸುವರ್ಣಯುಗ ಎನ್ನುವ 1940ರ ದಶಕದಲ್ಲಿ ದೇಶದ ಹೊರಗೂ ಹೆಸರಾದ ನಿರ್ದೇಶಕ ಎಮಿಲಿಯೊ ಫೆರ್ನಾಂಡೆಸ್. 1904ರಲ್ಲಿ ಉತ್ತರದ ಕೊಆವಿಲಾ ರಾಜ್ಯದ ಗಣಿ ಊರೊಂದರಲ್ಲಿ ಅವರು ಹುಟ್ಟಿದರು. ತಾಯಿಯ ಕಡೆಯಿಂದ ಕಿಕಾಪೂ ಬುಡಕಟ್ಟಿನ ರಕ್ತವಿದ್ದುದರಿಂದ ‘ಎಲ್ ಇಂಡಿಯೊ’ ಎಂಬ ಅಡ್ಡಹೆಸರು ಬಿತ್ತು, ಕೊನೆಗೆ ಅದೇ ನಿಂತಿತು. 1910ರಲ್ಲಿ ಮೆಕ್ಸಿಕನ್ ಕ್ರಾಂತಿ ಶುರುವಾದಾಗ ಅವರಿನ್ನೂ ಬಾಲಕ. 1923ರಲ್ಲಿ ರಾಜಕಾರಣಿ ದೆ ಲಾ ವೆರ್ತಾ ಅಂದಿನ ಸರ್ಕಾರದ ವಿರುದ್ಧ ಬಂಡೆದ್ದಾಗ ಫೆರ್ನಾಂಡೆಸ್ ಬಂಡಾಯಗಾರರ ಪಕ್ಷ ಸೇರಿದರು. ದಂಗೆ ಸೋತಿತು. ಸೆರೆಮನೆ ಸೇರಿದ ಅವರು ಅಲ್ಲಿಂದ ತಪ್ಪಿಸಿಕೊಂಡು ಗಡಿ ದಾಟಿದರು.

ಅಮೆರಿಕದಲ್ಲಿ ಸಿಕ್ಕ ಕೂಲಿ ಮಾಡುತ್ತ ಹಾಲಿವುಡ್ ತಲುಪಿ, ಎಕ್ಸ್‌ಟ್ರಾ ನಟರಾದರು. ಆಸ್ಕರ್ ಪ್ರತಿಮೆಗೆ ಮಾದರಿಯಾಗಿ ನಿಂತವರು ಇವರೇ ಎಂಬ ಕಥೆ ಈ ದಿನಗಳದ್ದು. ಅದಕ್ಕೆ ದಾಖಲೆಯಿಲ್ಲ, ಆದರೂ ಮೆಕ್ಸಿಕೊದಲ್ಲಿ ಅದನ್ನು ಬಿಟ್ಟುಕೊಡಲು ಯಾರೂ ಸಿದ್ಧರಿಲ್ಲ. ಅದಕ್ಕಿಂತ ಮುಖ್ಯವಾದದ್ದು, ರಷ್ಯಾದ ಸೆರ್ಗೈ ಐಸೆನ್‌ಸ್ಟೈನ್ ಮೆಕ್ಸಿಕೊದಲ್ಲಿ ಚಿತ್ರೀಕರಿಸಿ ಮುಗಿಸಲಾಗದೆ ಬಿಟ್ಟ ಸಿನಿಮಾದ ದೃಶ್ಯಗಳನ್ನು ಅವರು ಅಲ್ಲಿ ನೋಡಿದ್ದು. ತಮ್ಮ ನಾಡಿನ ರೈತರೂ ಕತ್ತಾಳೆ ಬಯಲುಗಳೂ ತೆರೆಯ ಮೇಲೆ ಅಷ್ಟು ಗಂಭೀರವಾಗಿ ಕಾಣಬಹುದು ಎನ್ನುವುದು ಅವರಿಗೆ ಹೊಸದು.

ಕ್ಷಮಾದಾನ ಸಿಕ್ಕಿ 1933ರಲ್ಲಿ ಊರಿಗೆ ಮರಳಿದ ಮೇಲೆ ಎರಡೇ ವರ್ಷದಲ್ಲಿ ‘ಹನಿತ್ಸಿಯೊ’ ಚಿತ್ರದ ನಾಯಕ ಪಾತ್ರ ದೊರೆಯಿತು. ಸರೋವರದ ನಡುವಿನ ದ್ವೀಪದ ಮೀನುಗಾರನ ಪಾತ್ರ ಅದು. ಹೊರಗಿನವನ ಜೊತೆ ಹೋದಳೆಂದು ಅವನ ಪ್ರಿಯತಮೆಯನ್ನು ಊರವರು ಕಲ್ಲು ಹೊಡೆದು ಕೊಲ್ಲುತ್ತಾರೆ. ನಟನಾಗಿ ಕೈಗೆ ಬಂದ ಈ ಕಥೆಯನ್ನು ನಿರ್ದೇಶಕನಾದ ಮೇಲೆ ಫೆರ್ನಾಂಡೆಸ್ ಬಿಡಲೇ ಇಲ್ಲ. ‘ಮರಿಯಾ ಕಂದೆಲಾರಿಯಾ’ದಲ್ಲೂ ‘ಮಕ್ಲೋವಿಯಾ’ದಲ್ಲೂ ಅದೇ ಎಳೆ ಮತ್ತೆ ಬರುತ್ತದೆ.

1940ರ ದಶಕದ ಆರಂಭದಲ್ಲಿ ‘ಲಾ ಇಸ್ಲಾ ದೆ ಲಾ ಪಾಸಿಯೋನ್’ ಮೂಲಕ ಅವರು ನಿರ್ದೇಶನಕ್ಕಿಳಿದರು. ತಿರುವು ಬಂದದ್ದು 1943ರ ‘ಫ್ಲೋರ್ ಸಿಲ್ವೆಸ್ತ್ರೆ’ಯಿಂದ. ಹಾಲಿವುಡ್ ಬಿಟ್ಟು ಬಂದಿದ್ದ ತಾರೆ ಡೊಲೊರೆಸ್ ಡೆಲ್ ರಿಯೊ, ನಟ ಪೆದ್ರೊ ಅರ್ಮೆಂದಾರಿಸ್, ಚಿತ್ರಕಥೆಗೆ ಮೌರಿಸಿಯೊ ಮಗ್ದಲೇನೊ, ಕ್ಯಾಮೆರಾಗೆ ಗಾಬ್ರಿಯೆಲ್ ಫಿಗೆರೊವಾ ಜೊತೆಗೂಡಿದರು. ಫೆರ್ನಾಂಡೆಸ್ ಹೆಸರಿನಲ್ಲಿ ಉಳಿದಿರುವ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಈ ತಂಡದವೇ. ಫಿಗೆರೊವಾ ಕ್ಯಾಮೆರಾವನ್ನು ತಗ್ಗಿನಲ್ಲಿಟ್ಟು, ನೆಲಕ್ಕೆ ಚೌಕಟ್ಟಿನ ತುಸು ಜಾಗ ಮಾತ್ರ ಕೊಟ್ಟು, ಉಳಿದದ್ದನ್ನೆಲ್ಲ ಆಕಾಶಕ್ಕೆ ಬಿಡುತ್ತಿದ್ದರು. ಲೆನ್ಸಿನ ಮುಂದೆ ಬಣ್ಣದ ಫಿಲ್ಟರ್ ಹಾಕಿದರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ನೀಲಿ ಬಾನು ಕಪ್ಪಾಗುತ್ತದೆ, ಮೋಡಗಳು ಬೆಳ್ಳಗೆ ಎದ್ದು ಕಾಣುತ್ತವೆ. ಆ ಮೋಡಗಳ ಕೆಳಗೆ ರೆಬೊಸೊ ಶಾಲು ಹೊದ್ದ ಹೆಂಗಸೊಬ್ಬಳು ಸುಮ್ಮನೆ ನಿಂತರೂ ಸಾಕು, ಗೋಡೆಚಿತ್ರದಂತೆ ಕಾಣುತ್ತಾಳೆ.

‘ಮರಿಯಾ ಕಂದೆಲಾರಿಯಾ’ ನಡೆಯುವುದು ಮೆಕ್ಸಿಕೊ ನಗರದ ಪಕ್ಕದ ಸೊಚಿಮಿಲ್ಕೊದ ಕಾಲುವೆಗಳಲ್ಲಿ. ನಾಯಕಿ ಹೂ ಮಾರುವವಳು. ತಾಯಿ ವೇಶ್ಯೆಯಾಗಿದ್ದಳೆಂದು ಊರು ಅವಳನ್ನು ದೂರವಿಟ್ಟಿದೆ. ಮದುವೆಯ ಖರ್ಚಿಗೆಂದು ಸಾಕಿದ ಹಂದಿಯನ್ನು ಅವಳ ಮೇಲೆ ಕಣ್ಣಿಟ್ಟ ಅಂಗಡಿಯವನು ಕೊಲ್ಲುತ್ತಾನೆ. ಅವಳಿಗೆ ಮಲೇರಿಯಾ ಬಂದಾಗ ಕ್ವಿನೀನ್ ಕದ್ದ ಪ್ರಿಯಕರ ಜೈಲು ಸೇರುತ್ತಾನೆ. ಚಿತ್ರಕಾರನೊಬ್ಬ ಅವಳ ಮುಖಕ್ಕೆ ಬೇರೊಬ್ಬಳ ಬೆತ್ತಲೆ ಮೈ ಸೇರಿಸಿ ಬರೆದ ಚಿತ್ರವೇ ಕೊನೆಗೆ ಅವಳ ಸಾವಿಗೆ ಕಾರಣವಾಗುತ್ತದೆ. ಈ ಬಡ ಆದಿವಾಸಿ ಹುಡುಗಿಯಾಗಿ ನಟಿಸಿದ ಡೆಲ್ ರಿಯೊ ಸಿರಿವಂತ ಮನೆತನದವರು, ವಯಸ್ಸು ನಲವತ್ತರ ಹತ್ತಿರ. ಆದಿವಾಸಿ ಬದುಕನ್ನು ಫೆರ್ನಾಂಡೆಸ್ ತೋರಿಸಿದ್ದಕ್ಕಿಂತ ಸಿಂಗರಿಸಿದ್ದೇ ಹೆಚ್ಚು ಎಂಬ ಆಕ್ಷೇಪಕ್ಕೆ ಇಲ್ಲಿ ಸಾಕಷ್ಟು ಆಧಾರವಿದೆ. ಎರಡನೇ ಮಹಾಯುದ್ಧ ಮುಗಿದು 1946ರಲ್ಲಿ ಕಾನ್ ಚಿತ್ರೋತ್ಸವ ಮೊದಲ ಬಾರಿಗೆ ನಡೆದಾಗ ಗ್ರಾಂ ಪ್ರಿ ಪಡೆದ 11 ಚಿತ್ರಗಳಲ್ಲಿ ಇದೂ ಒಂದು. ಭಾರತದ ಚೇತನ್ ಆನಂದ್ ಅವರ ‘ನೀಚಾ ನಗರ್’ ಇನ್ನೊಂದು.

ಅದೇ ವರ್ಷದ ‘ಎನಮೊರಾದಾ’ದಲ್ಲಿ ಕ್ರಾಂತಿಯ ಜನರಲ್ ಒಬ್ಬ ಶ್ರೀಮಂತನ ಹಟಮಾರಿ ಮಗಳಿಗೆ ಮನಸೋಲುತ್ತಾನೆ. ಮಗಳ ಪಾತ್ರ ಮರಿಯಾ ಫೆಲಿಕ್ಸ್ ಅವರದ್ದು. ಬಹುಪಾಲು ಸಿನಿಮಾ ಜಗಳ, ತಮಾಷೆ, ಕೆನ್ನೆಗೆ ಬಿಗಿಯುವುದರಲ್ಲೇ ಸಾಗುತ್ತದೆ. ಕೊನೆಯಲ್ಲಿ ಸೈನ್ಯ ಊರು ಬಿಡುವಾಗ ಅವಳು ಬೇರೊಬ್ಬನ ಜೊತೆಗಿನ ಮದುವೆಯನ್ನು ಕೈಬಿಟ್ಟು ಓಡಿಬಂದು, ಸಿಪಾಯಿಗಳ ಹೆಂಗಸರ ಹಾಗೆ ಜನರಲ್‌ನ ಕುದುರೆಯ ಪಕ್ಕದಲ್ಲಿ ನಡೆಯತೊಡಗುತ್ತಾಳೆ. ಅಷ್ಟು ಹೊತ್ತು ಗಂಡಸಿಗೆ ಮಣಿಯದವಳನ್ನು ಕುದುರೆಯ ಪಕ್ಕ ನಡೆಸಿದ್ದು ಇಂದಿನವರಿಗೆ ಇರಿಸುಮುರಿಸಾಗಬಹುದು. ಆದರೂ ಆ ದೃಶ್ಯದ ಬಿಗಿ ಸಡಿಲವಾಗಿಲ್ಲ. ಜಾನ್ ಸ್ಟೈನ್‌ಬೆಕ್ ಕಥೆಯ ‘ಲಾ ಪೆರ್ಲಾ’, ನಗರದ ನೃತ್ಯಶಾಲೆಯ ಬದುಕಿನ ‘ಸಲೋನ್ ಮೆಹಿಕೊ’ ಇದೇ ಕಾಲದವು.

1950ರ ದಶಕದಲ್ಲಿ ಈ ಶೈಲಿ ಹಳತಾಯಿತು. ಇದೇ ಫಿಗೆರೊವಾ ಕ್ಯಾಮೆರಾ ಹಿಡಿದ ಲೂಯಿಸ್ ಬುನ್ಯುವೆಲ್ ಅವರ ‘ಲೋಸ್ ಒಲ್ವಿದಾದೋಸ್’ ಮೆಕ್ಸಿಕೊ ನಗರದ ಬಡ ಹುಡುಗರನ್ನು ಯಾವ ಅಲಂಕಾರವೂ ಇಲ್ಲದೆ ತೋರಿಸಿತ್ತು. ಫೆರ್ನಾಂಡೆಸ್ ಮಾತ್ರ ಅದೇ ಮೋಡ, ಅದೇ ತ್ಯಾಗಗಳಿಗೆ ಅಂಟಿಕೊಂಡರು. 1953ರ ‘ಲಾ ರೆದ್’ಗೆ ಕಾನ್‌ನಲ್ಲಿ ಬಹುಮಾನ ಬಂದರೂ ಅವಕಾಶಗಳು ಕಡಿಮೆಯಾಗುತ್ತ ಹೋದವು.

ಮತ್ತೆ ನಟನೆಯೇ ಕೈಹಿಡಿಯಿತು. ಸ್ಯಾಮ್ ಪೆಕಿನ್‌ಪಾ ಅವರ ‘ದಿ ವೈಲ್ಡ್ ಬಂಚ್’ (1969) ಚಿತ್ರದ ಕುಡುಕ, ಕ್ರೂರ ಜನರಲ್ ಮಪಾಚೆಯಾಗಿ ಹೊರದೇಶದವರು ಇಂದಿಗೂ ಅವರನ್ನು ಗುರುತಿಸುತ್ತಾರೆ. ಚಿತ್ರೀಕರಣ ನಡೆದದ್ದು ಅವರ ತವರು ಕೊಆವಿಲಾದ ಪರ್ರಾಸ್ ಊರಿನ ಸುತ್ತ. ಇರುವೆಗಳ ಗೂಡಿಗೆ ಚೇಳು ಹಾಕಿ ಮಕ್ಕಳು ನಗುವ ಆರಂಭದ ದೃಶ್ಯಕ್ಕೆ ಪ್ರೇರಣೆ ಫೆರ್ನಾಂಡೆಸ್ ಹೇಳಿದ ಬಾಲ್ಯದ ನೆನಪು. ಮುಂದೆ ‘ಬ್ರಿಂಗ್ ಮಿ ದಿ ಹೆಡ್ ಆಫ್ ಆಲ್ಫ್ರೆಡೊ ಗಾರ್ಸಿಯಾ’ (1974) ಚಿತ್ರದಲ್ಲಿ ರುಂಡ ತರಲು ಆಜ್ಞೆ ಮಾಡುವ ಜಮೀನುದಾರನೂ ಅವರೇ.

ತೆರೆಯ ಮೇಲಿನ ಮುಂಗೋಪ ತೆರೆಯಾಚೆಗೂ ಇತ್ತು. 1976ರಲ್ಲಿ ಜಗಳವೊಂದರಲ್ಲಿ ವ್ಯಕ್ತಿಯೊಬ್ಬನನ್ನು ಗುಂಡಿಕ್ಕಿ ಕೊಂದ ಪ್ರಕರಣದಲ್ಲಿ ಅವರು ಸೆರೆವಾಸ ಅನುಭವಿಸಿದರು. ಬಿಡುಗಡೆಯ ನಂತರ ನಿರ್ದೇಶಿಸಿದ ಒಂದೆರಡು ಚಿತ್ರಗಳಲ್ಲಿ ಹಳೆಯ ಕಸುವಿರಲಿಲ್ಲ. 1984ರಲ್ಲಿ ಜಾನ್ ಹ್ಯೂಸ್ಟನ್ ಅವರ ‘ಅಂಡರ್ ದಿ ವೊಲ್ಕೇನೊ’ದಲ್ಲಿ ಪುಟ್ಟ ಪಾತ್ರವೊಂದು ಸಿಕ್ಕಿತು. 1986ರ ಆಗಸ್ಟ್ 6ರಂದು ಮೆಕ್ಸಿಕೊ ನಗರದಲ್ಲಿ ಅವರು ತೀರಿಕೊಂಡರು.