ದಿಗ್ಬಂಧನದ ಹೊರೆ ಯಾರ ಹೆಗಲಿಗೆ?

ಶಸ್ತ್ರವೆತ್ತದೆ ಒಂದು ರಾಷ್ಟ್ರವನ್ನು ಮಣಿಸುವ ಉಪಾಯಕ್ಕೆ ಆರ್ಥಿಕ ದಿಗ್ಬಂಧನವೆಂದು ಹೆಸರು. ರಕ್ತಪಾತಕ್ಕಿಂತ ಇದು ಮೇಲೆಂಬ ಭಾವನೆ ಲೋಕದಲ್ಲಿದೆ. ಆದರೆ ಆಳುವವನಿಗೆ ವಿಧಿಸಿದ ದಂಡವು ಬಡವನ ಅಡುಗೆಮನೆಯನ್ನು ಹೇಗೆ ಹೊಕ್ಕುತ್ತದೆ ಎಂಬುದನ್ನು ಅರಿಯಲು ಇರಾಕಿನ ಹದಿಮೂರು ವರ್ಷಗಳ ವೃತ್ತಾಂತವನ್ನು ನೋಡಬೇಕು.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನರ ಸೇನೆಯು ನೆರೆಯ ಕುವೈತನ್ನು ಆಕ್ರಮಿಸಿತು. ಆಗಸ್ಟ್ 6ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ತನ್ನ 661ನೆಯ ನಿರ್ಣಯದ ಮೂಲಕ ಇರಾಕಿನೊಡನೆ ವ್ಯಾಪಾರವನ್ನೇ ನಿಷೇಧಿಸಿತು. ಔಷಧಿಗೆ ವಿನಾಯಿತಿಯಿತ್ತು, ಮಾನವೀಯ ಸಂದರ್ಭಗಳಲ್ಲಿ ಆಹಾರಕ್ಕೂ ಇತ್ತು. ಆದರೆ ತೈಲವನ್ನು ಮಾರಿ ಧಾನ್ಯ ಕೊಳ್ಳುತ್ತಿದ್ದ ನಾಡಿಗೆ ತೈಲ ಮಾರಕೂಡದೆಂದ ಮೇಲೆ, ಧಾನ್ಯಕ್ಕೆ ಅಡ್ಡಿಯಿಲ್ಲವೆಂಬ ಮಾತಿಗೆ ಅರ್ಥವೇನು?

1991ರ ಯುದ್ಧದಲ್ಲಿ ವಿದ್ಯುದಾಗಾರಗಳು ಬಾಂಬುದಾಳಿಗೆ ತುತ್ತಾದವು. ವಿದ್ಯುತ್ತಿಲ್ಲದೆ ನೀರು ಶುದ್ಧೀಕರಿಸುವ ಯಂತ್ರಗಳು ನಿಂತವು. ಬಿಡಿಭಾಗಗಳನ್ನು ತರಿಸಲು ಭದ್ರತಾ ಮಂಡಳಿಯ ಸಮಿತಿಯೊಂದರ ಒಪ್ಪಿಗೆ ಬೇಕು. ಯುದ್ಧಕ್ಕೂ ಬಳಕೆಯಾದೀತೆಂಬ ಶಂಕೆ ಮೂಡಿದರೆ ಅರ್ಜಿ ಅಲ್ಲಿಯೇ ತಡೆಯಲ್ಪಡುತ್ತಿತ್ತು. ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಕೂಡ ಆ ಶಂಕೆಗೆ ಹೊರತಾಗಲಿಲ್ಲ. ಹಿಂದೆ ಒಂದು ದಿನಾರಿಗೆ ಅಧಿಕೃತವಾಗಿ ಮೂರು ಡಾಲರುಗಳ ಬೆಲೆಯಿತ್ತು. 1995ರ ಕೊನೆಗೆ ಒಂದು ಡಾಲರಿಗೆ ಎರಡು ಸಾವಿರಕ್ಕೂ ಮಿಕ್ಕಿ ದಿನಾರುಗಳನ್ನು ಎಣಿಸಬೇಕಾಯಿತು. ಉಪಾಧ್ಯಾಯರ ತಿಂಗಳ ಸಂಬಳ ಕೆಲವೇ ಡಾಲರುಗಳಿಗಿಳಿಯಿತು. ಮನೆಯ ಪುಸ್ತಕ, ಪೀಠೋಪಕರಣಗಳು ಬಾಗ್ದಾದಿನ ಬೀದಿಗೆ ಮಾರಾಟಕ್ಕೆ ಬಂದವು.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 1990ರ ಸೆಪ್ಟೆಂಬರಿನಲ್ಲಿಯೇ ಅಲ್ಲಿನ ಸರ್ಕಾರ ಪಡಿತರ ಪದ್ಧತಿಯನ್ನು ತಂದಿತು. ಹಿಟ್ಟು, ಅಕ್ಕಿ, ಸಕ್ಕರೆ, ಚಹಾ ಎಲ್ಲವೂ ಸರ್ಕಾರದ ಕೈಯಿಂದಲೇ ಬರಬೇಕು. ಪಡಿತರ ಚೀಟಿಗಾಗಿ ಕಾಯುವವನು ದಂಗೆಯೇಳುವುದೆಂತು? ಸದ್ದಾಮರ ಹಿಡಿತವನ್ನು ಸಡಿಲಿಸಬೇಕಾಗಿದ್ದ ದಿಗ್ಬಂಧನವೇ ಅದನ್ನು ಬಿಗಿಗೊಳಿಸಿತು. ಅವರ ಅರಮನೆಗಳ ನಿರ್ಮಾಣವಂತೂ ನಿಲ್ಲಲಿಲ್ಲ.

1995ರ ‘ತೈಲಕ್ಕೆ ಪ್ರತಿಯಾಗಿ ಆಹಾರ’ ಯೋಜನೆಯಂತೆ ಮೊದಲ ಧಾನ್ಯ ತಲುಪಿದ್ದು 1997ರಲ್ಲಿ. ತೈಲದ ಹಣದಲ್ಲಿ ಶೇಕಡಾ 30 ಭಾಗ ಯುದ್ಧಪರಿಹಾರಕ್ಕೆ ಮೊದಲೇ ಕಡಿತವಾಗುತ್ತಿತ್ತು. ಯೋಜನೆಯ ಮೇಲ್ವಿಚಾರಕರಾಗಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ಸ್ಥಾನಕ್ಕೆ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ, ದಿಗ್ಬಂಧನವನ್ನು ಪ್ರತಿಭಟಿಸಿ ರಾಜೀನಾಮೆಯಿತ್ತರು. ಅಧಿಕಾರದಲ್ಲಿದ್ದುಕೊಂಡೇ ಹೀಗೆ ನಡೆದುಕೊಳ್ಳುವವರು ವಿರಳ.

ಐದು ಲಕ್ಷ ಮಕ್ಕಳು ಸತ್ತರೆಂಬ ಲೆಕ್ಕ ಆಗ ಲೋಕವನ್ನೆಲ್ಲ ತಲ್ಲಣಗೊಳಿಸಿತ್ತು. ಇರಾಕ್ ಸರ್ಕಾರದ ಸಹಯೋಗದಲ್ಲಿ ನಡೆದ 1999ರ ಸಮೀಕ್ಷೆ ಅದಕ್ಕೆ ಆಧಾರ. 2003ರ ನಂತರದ ಸಮೀಕ್ಷೆಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಹಳೆಯ ಅಂಕಿಗಳನ್ನು ಆ ಸರ್ಕಾರವೇ ತಿರುಚಿತ್ತೆಂದು 2017ರಲ್ಲಿ ಸಂಶೋಧಕರು ವಾದಿಸಿದರು. ಹಸಿವು ಸುಳ್ಳಾಗಿರಲಿಲ್ಲ, ಹಸಿದವರನ್ನು ಎಣಿಸುವ ಕೆಲಸವೂ ಅವರನ್ನು ಆಳುವವನ ಕೈಯಲ್ಲಿತ್ತು.

2003ರ ಮೇ ತಿಂಗಳಲ್ಲಿ ವ್ಯಾಪಾರ ನಿರ್ಬಂಧಗಳು ತೆರವಾದವು. 2006ರ ಕೊನೆಯಲ್ಲಿ ಸದ್ದಾಮರನ್ನು ಗಲ್ಲಿಗೇರಿಸಲಾಯಿತು. ಯುದ್ಧಪರಿಹಾರ ಮಾತ್ರ ಮುಂದುವರಿಯಿತು. ಒಟ್ಟು ಸುಮಾರು 5,240 ಕೋಟಿ ಡಾಲರುಗಳ ಆ ಸಾಲದ ಕಡೆಯ ಕಂತನ್ನು ಇರಾಕ್ ಸಲ್ಲಿಸಿದ್ದು 2022ರ ಜನವರಿಯಲ್ಲಿ. ಆಕ್ರಮಣದ ವರ್ಷ ಹುಟ್ಟಿದ ಕೂಸುಗಳಿಗೆ ಆಗ ಮೂವತ್ತು ದಾಟಿತ್ತು.