ಮೀಟರ್ ನಂಬುವ ಮುಂಚೆ ಟಯರ್ ಅಳೆಯಿರಿ!

ಮಳೆಗಾಲ ಬಂತೆಂದರೆ ವಾಕಿಂಗ್‌ಗೆ ರಜೆ. ಶಿಕಾರಿಪುರ, ಸೊರಬದ ಕಡೆ ಜಿಟಿಜಿಟಿ ಮಳೆ ಹಿಡಿದರೆ ಬೇಗ ಬಿಡುವುದೇ ಇಲ್ಲ. ಆಗ ಮನೆಯೊಳಗೇ ಸೈಕಲ್ ತುಳಿಯುವುದು ಒಳ್ಳೇ ಉಪಾಯ. ಅದಕ್ಕೆ ಹೊಸ ಸೈಕಲ್ಲೇ ಬೇಕೆಂದಿಲ್ಲ. ತೊಗರ್ಸಿಯಂಥ ಊರಿನ ಮನೆಗಳಲ್ಲಿ, 2006-07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸಿಕ್ಕ ಸೈಕಲ್ ಮೂಲೆಯಲ್ಲಿ ನಿಂತಿರಬಹುದು. ಹಿಂದಿನ ಚಕ್ರವನ್ನು ಟ್ರೈನರ್ ಸ್ಟ್ಯಾಂಡಿಗೆ ಕೂರಿಸಿದರೆ ಆಯ್ತು, ಟಯರ್ ಒಂದು ರೋಲರ್ ಮೇಲೆ ನಿಂತಲ್ಲೇ ತಿರುಗುತ್ತೆ.

ಮೀಟರಿನಲ್ಲಿ ವೇಗ, ವ್ಯಾಟ್, ಕ್ಯಾಲೊರಿ ಎಲ್ಲಾ ಕಾಣುತ್ತೆ. ಆದರೆ ಈ ಲೆಕ್ಕ ಬರುವುದು ಹೇಗೆ ಗೊತ್ತೇ? ಚಕ್ರಕ್ಕೆ ಕಟ್ಟಿದ ಸೆನ್ಸರ್ ಸುತ್ತು ಎಣಿಸುತ್ತೆ, ಅಷ್ಟೇ. ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ನಾವೇ ಹೇಳಿಕೊಡಬೇಕು. ಹಳೇ ದೊಡ್ಡ ಸೈಕಲ್ಲಿನ 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತೆ. ಲೇಡೀಸ್ ಸೈಕಲ್ಲಿನ 26 ಇಂಚಿನದು ಸುಮಾರು 2.07 ಮೀಟರ್. ಚಿಕ್ಕ ಚಕ್ರ ಹಾಕಿ ದೊಡ್ಡದರ ಅಳತೆ ಕೊಟ್ಟರೆ, 9.4 ಕಿ.ಮೀ. ತುಳಿದದ್ದಕ್ಕೆ ಮೀಟರ್ 10 ತೋರಿಸುತ್ತೆ!

ವ್ಯಾಟ್ ವಿಷಯದಲ್ಲಿ ಮೋಸ ಇನ್ನೂ ದೊಡ್ಡದು. ಸಾಧಾರಣ ಟ್ರೈನರ್‌ಗಳಲ್ಲಿ ವೇಗ ನೋಡಿಯೇ ವ್ಯಾಟ್ ಅಂದಾಜು ಮಾಡುತ್ತಾರೆ. ಎಣ್ಣೆ ತುಂಬಿದ ಫ್ಲೂಯಿಡ್ ಟ್ರೈನರ್‌ನಲ್ಲಿ ವೇಗ ಸ್ವಲ್ಪ ಏರಿದರೂ ವ್ಯಾಟ್ ಜೋರಾಗಿ ಏರುತ್ತೆ. ಆ 6 ಪರ್ಸೆಂಟ್ ತಪ್ಪು ಇಲ್ಲಿ ಸುಮಾರು 20 ಆಗಬಹುದು. ಅಂದರೆ 100 ವ್ಯಾಟ್ ತುಳಿದರೆ 120 ಕಾಣುತ್ತೆ. ಅರ್ಧ ಗಂಟೆಗೆ ಸುಮಾರು 180 ಕ್ಯಾಲೊರಿ ಕರಗಿದ್ದರೆ, ಮೀಟರ್ ಹೇಳೋದು 216. ತಿಂಗಳಿಗೆ ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಸುಳ್ಳು ಲೆಕ್ಕ! "ಇಷ್ಟು ಬೆವರು ಸುರಿಸಿದರೂ ತೂಕ ಯಾಕೆ ಇಳೀತಿಲ್ಲ?" ಅಂತ ಕೊರಗುವವರು ಮೊದಲು ಇದನ್ನು ನೋಡಿ. ಸಕ್ಕರೆ ಕಾಯಿಲೆ ಇರುವವರಂತೂ ಮೀಟರಿನ ಕ್ಯಾಲೊರಿ ನಂಬಿ ಊಟ, ಔಷಧಿ ಹೆಚ್ಚುಕಮ್ಮಿ ಮಾಡಲೇಬಾರದು. ಡಾಕ್ಟರನ್ನೇ ಕೇಳಿ.

ಇಷ್ಟು ಮಾಡಿ:

* ಟಯರಿಗೂ ನೆಲಕ್ಕೂ ಸೇರಿ ಸೀಮೆಸುಣ್ಣದ ಗುರುತು ಹಾಕಿ. ಒಬ್ಬರು ಸೈಕಲ್ ಮೇಲೆ ಕೂತಿರಲಿ, ಇನ್ನೊಬ್ಬರು ಹಿಡಿದು ಒಂದು ಸುತ್ತು ಉರುಳಿಸಲಿ. ಟೈಲರಿಂಗ್ ಟೇಪಿನಲ್ಲಿ ದೂರ ಅಳೆದು, ಮಿಲಿಮೀಟರಿಗೆ ತಿರುಗಿಸಿ ಮೀಟರಿಗೆ ಕೊಡಿ.

* ಪ್ರತಿ ಸಲ ತುಳಿಯುವ ಮುಂಚೆ ಗಾಳಿ ನೋಡಿ. ಎಷ್ಟು ಗಾಳಿ ಬೇಕೆಂದು ಟಯರಿನ ಪಕ್ಕದಲ್ಲೇ ಬರೆದಿರುತ್ತೆ. ಗಾಳಿ ಕಮ್ಮಿಯಾದರೆ ಟಯರ್ ರೋಲರಿಗೆ ಒತ್ತಿಕೊಂಡು ಪೆಡಲ್ ಭಾರವಾಗುತ್ತೆ. ನಿಮಗೆ ಶಕ್ತಿ ಕುಂದಿತು ಅಂತ ಹೆದರಬೇಡಿ!

* ರೋಲರ್ ಒತ್ತುವ ತಿರುಪನ್ನು ದಿನಾ ಅಷ್ಟೇ ಸುತ್ತು ತಿರುಗಿಸಿ.

* ಗುಂಡಿಗುಂಡಿ ಟಯರ್ ಬೇಡ. ಸದ್ದು, ಅದುರು ಜಾಸ್ತಿ. ನುಣುಪು ಟಯರ್ ಹಾಕಿಸಿ.

* ನಟ್ ಹಾಕಿದ ನಮ್ಮ ಸೈಕಲ್ಲುಗಳು ಎಲ್ಲಾ ಸ್ಟ್ಯಾಂಡಿಗೂ ಕೂರುವುದಿಲ್ಲ. ಕೊಳ್ಳುವಾಗ ಕೇಳಿ.

ಸೆನ್ಸರ್ ರೋಲರಿನಲ್ಲೇ ಇದ್ದರೆ ಚಕ್ರದ ಅಳತೆಯ ಚಿಂತೆಯಿಲ್ಲ, ಗಾಳಿ ಮಾತ್ರ ನೋಡಿದರೆ ಸಾಕು. ಹಿಂದಿನ ಚಕ್ರ ಬಿಚ್ಚಿ ಕೂರಿಸುವ ಟ್ರೈನರ್‌ನಲ್ಲಿ ಟಯರಿನ ತಂಟೆಯೇ ಇಲ್ಲ, ಆದರೆ ಬೆಲೆ ಜಾಸ್ತಿ.

ಪಕ್ಕದ ಮನೆಯವರ ವ್ಯಾಟ್ ಜೊತೆ ನಿಮ್ಮದನ್ನು ಹೋಲಿಸಬೇಡಿ. ಅದೇ ಸೈಕಲ್, ಅದೇ ಗಾಳಿ, ಹೋದ ವಾರಕ್ಕಿಂತ ಈ ವಾರ ಎಷ್ಟು? ಅದೇ ನಿಜವಾದ ಲೆಕ್ಕ.