ಅಜ್ಜಿ ಹೇಳಿದ ಒಂದೇ ಒಂದು ಪದ

ಇವತ್ತು ಒಂದು ಲೆಕ್ಕದಿಂದ ಶುರು ಮಾಡ್ತೀನಿ.

2004ರ ಡಿಸೆಂಬರ್ 26. ಇಂಡೋನೇಷ್ಯಾದ ಸುಮಾತ್ರಾ ಪಕ್ಕ, ಸಮುದ್ರದ ತಳದಲ್ಲಿ 9ಕ್ಕೂ ಹೆಚ್ಚು ತೀವ್ರತೆಯ ಭೂಕಂಪ. ಅದರಿಂದ ಎದ್ದ ಸುನಾಮಿ ನಮ್ಮ ನಾಗಪಟ್ಟಿಣಂವರೆಗೂ ಬಂತು. ಹಲವು ದೇಶಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅತಿ ಹೆಚ್ಚು ಸಾವು ಸುಮಾತ್ರಾದ ಅಚೇ ಪ್ರಾಂತ್ಯದಲ್ಲಿ.

ಅದೇ ಪ್ರಾಂತ್ಯಕ್ಕೆ ಸೇರಿದ ಒಂದು ದ್ವೀಪ ಸಿಮೆಲೂ. ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ. ಜನಸಂಖ್ಯೆ ಸುಮಾರು 78,000. ಹತ್ತು ನಿಮಿಷದ ಆಸುಪಾಸಿನಲ್ಲೇ ಅಲೆ ದಡಕ್ಕೆ ಅಪ್ಪಳಿಸಿತು. ಅಲ್ಲಿ ಸತ್ತವರೆಷ್ಟು ಗೊತ್ತಾ? ಏಳು ಜನ!

ಯಾವ ಸೈರನ್ ಇತ್ತು? ಯಾವುದೂ ಇಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿ ಮುನ್ನೆಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಇದ್ದದ್ದು ಒಂದು ಪದ: ‘ಸ್ಮಾಂಗ್’.

1907ರಲ್ಲಿ ಆ ದ್ವೀಪಕ್ಕೆ ದೊಡ್ಡ ಸುನಾಮಿ ಬಡಿದಿತ್ತು. ಬದುಕಿ ಉಳಿದವರು ಅದನ್ನ ಮಕ್ಕಳಿಗೆ ಹೇಳಿದರು, ಮಕ್ಕಳು ಮೊಮ್ಮಕ್ಕಳಿಗೆ ಹೇಳಿದರು. ಜೋಗುಳದಲ್ಲಿ, ಹಾಡಿನಲ್ಲಿ, ರಾತ್ರಿ ಮಲಗೋ ಹೊತ್ತಿನ ಕಥೆಯಲ್ಲಿ ಅದೇ ಪಾಠ. ಭೂಮಿ ಜೋರಾಗಿ ನಡುಗಿತಾ? ಸಮುದ್ರ ಹಿಂದಕ್ಕೆ ಸರೀತಾ? ಹಾಗಾದ್ರೆ ಸ್ಮಾಂಗ್ ಬರುತ್ತೆ. ಸಾಮಾನು ಬಿಡು, ಗುಡ್ಡ ಹತ್ತು. 97 ವರ್ಷ ಆದಮೇಲೆ, 1907ನ್ನು ಕಣ್ಣಾರೆ ಕಂಡವರು ಹೆಚ್ಚೂಕಡಿಮೆ ಯಾರೂ ಉಳಿದಿಲ್ಲದ ಹೊತ್ತಲ್ಲಿ, ಇಡೀ ದ್ವೀಪ ಆ ಪದ ಕೂಗುತ್ತಾ ಗುಡ್ಡ ಹತ್ತಿತು. ಅತ್ತ ಬೇರೆ ಎಷ್ಟೋ ದಡಗಳಲ್ಲಿ ಜನ ನೀರು ಹಿಂದಕ್ಕೆ ಹೋದದ್ದನ್ನ ನೋಡ್ತಾ ನಿಂತರು. ಬರಿದಾದ ತಳದಲ್ಲಿ ಒದ್ದಾಡೋ ಮೀನು ಹೆಕ್ಕೋಕೆ ಇಳಿದವರೂ ಇದ್ದರು.

ನಾನು ಎಂಜಿನಿಯರಿಂಗ್ ಓದಿದವನು. ನಮಗೆ ಕಲಿಸಿದ್ದು ಸೆನ್ಸರ್, ಸಿಗ್ನಲ್, ಡೇಟಾ. ಉಳಿದದ್ದೆಲ್ಲ ಅಡಗೂಲಜ್ಜಿ ಕಥೆ ಅಂತ ತಳ್ಳಿಹಾಕೋದು ಅಭ್ಯಾಸ. ಆದರೆ ಈ ಸ್ಮಾಂಗ್ ನೋಡಿ. ಸಂದೇಶ ಚಿಕ್ಕದು, ಗೊಂದಲ ಇಲ್ಲ, ಏನು ಮಾಡಬೇಕು ಅನ್ನೋದು ಅದರಲ್ಲೇ ಇದೆ, ಕರೆಂಟ್ ಹೋದರೂ ಕೆಲಸ ಮಾಡುತ್ತೆ. ಇದಕ್ಕಿಂತ ಒಳ್ಳೆ ವಿನ್ಯಾಸ ಯಾವ ಲ್ಯಾಬ್‌ನಲ್ಲಿ ಸಿಗುತ್ತೆ ಸ್ವಾಮಿ? ಇನ್ನೊಂದು ವಿಷಯ. ಆ ಕಥೆ ಕಡಲನ್ನ ಶತ್ರು ಮಾಡಲಿಲ್ಲ. ಊರು ಬಿಟ್ಟು ಹೋಗಿ ಅನ್ನಲಿಲ್ಲ. ಕಡಲ ಪಕ್ಕದಲ್ಲೇ ಬದುಕೋದು ಹೇಗೆ ಅಂತ ಹೇಳಿಕೊಟ್ಟಿತು.

ಹಾಗಂತ ನೆನಪೊಂದೇ ಸಾಕಾ? ಸಾಲದು. 2010ರ ಅಕ್ಟೋಬರ್ 25ರಂದು ಅದೇ ಸುಮಾತ್ರಾ ಕರಾವಳಿಯ ಮೆಂಟವಾಯಿ ದ್ವೀಪಗಳಲ್ಲಿ ಭೂಮಿ ನಿಧಾನಕ್ಕೆ ಅಲುಗಾಡಿತು, ಜೋರಾಗಿ ನಡುಗಲೇ ಇಲ್ಲ. ಆದರೂ ಸುನಾಮಿ ಬಂತು, 400ಕ್ಕೂ ಹೆಚ್ಚು ಜನ ಸತ್ತರು. ‘ಜೋರಾಗಿ ನಡುಗಿದರೆ ಓಡು’ ಅನ್ನೋ ಪಾಠ ಅಲ್ಲಿ ಸಾಲೋದಿಲ್ಲ. ಅದಕ್ಕೇ ಯಂತ್ರವೂ ಬೇಕು. 2007ರಿಂದ ನಮ್ಮ ಹೈದರಾಬಾದ್‌ನಲ್ಲೇ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಮಾಡ್ತಿದೆ. ಆದರೆ ಯಂತ್ರ ಮುನ್ನೆಚ್ಚರಿಕೆ ಕೊಡುತ್ತೆ, ಓಡಬೇಕಾದವರು ನಾವು.

‘ಸುನಾಮಿ ಎಲ್ಲ ಆ ಕಡೆ, ನಮ್ಮದು ಅರಬ್ಬೀ ಸಮುದ್ರ’ ಅಂತೀರಾ? 1945ರ ನವೆಂಬರ್‌ನಲ್ಲಿ, ಇವತ್ತಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯಲ್ಲಿ ಭೂಕಂಪ ಆಗಿ, ಇದೇ ಅರಬ್ಬೀ ಸಮುದ್ರದಲ್ಲಿ ಸುನಾಮಿ ಎದ್ದಿತ್ತು. ಮುಂಬೈಗೂ ತಟ್ಟಿತ್ತು. ಅದನ್ನ ಕಂಡು ಬದುಕಿದವರ ಮಾತುಗಳನ್ನ ಸಂಗ್ರಹಿಸಿ ಯುನೆಸ್ಕೋ 2015ರಲ್ಲಿ ಒಂದು ಪುಸ್ತಿಕೆಯನ್ನೇ ತಂದಿತು. ಇದಕ್ಕೆ ಮೌಖಿಕ ಇತಿಹಾಸ ಅಂತಾರೆ. ಮುದುಕರಿಗೆ ತಾರೀಖು ಮರೆತಿರಬಹುದು. ನೀರು ಯಾವ ಮೆಟ್ಟಿಲಿನವರೆಗೆ ಬಂತು ಅನ್ನೋದು ಮರೆಯಲ್ಲ. ಆ ಮೆಟ್ಟಿಲನ್ನ ಅಳೆದರೆ ಅಲೆಯ ಎತ್ತರ ಸಿಗುತ್ತೆ. ನೆನಪು ಡೇಟಾ ಆಗೋದು ಹೀಗೆ.

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕಕ್ಕೆ 300 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಕರಾವಳಿ ಇದೆ. ಒಂದು ಕಾಲಕ್ಕೆ ಅಲ್ಲಿ ರಂಪಣಿ ಬಲೆ ಎಳೆಯೋಕೆ ಊರಿಗೆ ಊರೇ ದಡದಲ್ಲಿ ನಿಲ್ಲುತ್ತಿತ್ತು. ಬಂಗುಡೆ, ಬೂತಾಯಿ ರಾಶಿ ಬಿದ್ದರೆ ಎಲ್ಲರಿಗೂ ಪಾಲು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು, ರಂಪಣಿ ಹಿಂದೆ ಸರೀತು. ಆಗ ಇಪ್ಪತ್ತರ ಹರೆಯದಲ್ಲಿ ಬಲೆ ಎಳೆದವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಗಾಳಿಗೆ ಯಾವ ಮೀನು, ದಡ ಮೊದಲು ಎಲ್ಲಿತ್ತು, ಕಡಲು ಎಷ್ಟು ಒಳಗೆ ಬಂತು, ಇದೆಲ್ಲ ಅವರ ತಲೆಯಲ್ಲಿದೆ. ತುಳುವಿನಲ್ಲಿ, ಕೊಂಕಣಿಯಲ್ಲಿ, ಕುಂದಾಪುರದ ಕನ್ನಡದಲ್ಲಿ.

ನಾವು ಏನು ಮಾಡ್ತೀವಿ? ನಾನೂ ಮಾಡಿದ್ದೀನಿ, ಒಪ್ಕೋತೀನಿ. ಚಂಡಮಾರುತ ಬಂದಾಗ ವರದಿಗಾರರನ್ನ ದಡಕ್ಕೆ ಕಳಿಸ್ತೀವಿ. ಮನೆ ಕಳ್ಕೊಂಡ ಅಜ್ಜನ ಮುಂದೆ ಮೈಕ್ ಹಿಡಿದು ‘ಏನನ್ನಿಸ್ತಾ ಇದೆ?’ ಅಂತ ಕೇಳಿಸ್ತೀವಿ. ಮೂವತ್ತು ಸೆಕೆಂಡ್ ಬೈಟ್, ಆಮೇಲೆ ಬ್ರೇಕ್. ‘ಅಜ್ಜ, ನಿಮ್ಮ ಹುಡುಗಾಟದ ದಿನಗಳಲ್ಲಿ ಕಡಲು ಎಲ್ಲಿತ್ತು?’ ಅಂತ ಕೇಳಿ, ಒಂದು ಗಂಟೆ ಸುಮ್ಮನೆ ಕೂತು ಕೇಳಿಸಿಕೊಂಡಿದ್ದು ಯಾವಾಗ?

ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಕಡಲು ಕಂಡ ಹಿರಿಯರಿದ್ದರೆ, ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಒತ್ತಿ ಪಕ್ಕಕ್ಕಿಡಿ. ಅವರದೇ ಭಾಷೆಯಲ್ಲಿ ಮಾತಾಡಲಿ, ನಡುವೆ ಬಾಯಿ ಹಾಕಬೇಡಿ. ಅದರಲ್ಲಿ ಯಾವ ಮಾತು ಮುಂದೆ ಯಾರ ಜೀವ ಉಳಿಸುತ್ತೋ, ಸಿಮೆಲೂವಿನ ಅಜ್ಜಿಯರಿಗೂ ಗೊತ್ತಿರಲಿಲ್ಲ.

ಯೋಚನೆ ಮಾಡಿ.